ನದಿ ತುಂಬ ಮೀನು, ಆದರೂ ಸೀಸನ್ ಬಂದ್: ಕೊಲಂಬಿಯಾದ ಸಾಲ್ಮನ್ ಲೆಕ್ಕ

ಹೋದ ವರ್ಷ ಇದೇ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದವರು ಒಂದು ಪ್ರಶ್ನೆ ಕೇಳಿದರು. "ಬಾನವಿಲ್ ಡ್ಯಾಮ್ ನೋಡ್ಕೊಂಡು ಬಂದ್ವಿ. ಗಾಜಿನ ಕಿಟಕಿಯಲ್ಲಿ ಮೀನು ಸಾಲುಸಾಲಾಗಿ ಹೋಗ್ತಿತ್ತು. ಮನೆಗೆ ಬಂದು ನೋಡಿದ್ರೆ ಚಿನೂಕ್ ಸೀಸನ್ ಬಂದ್ ಅಂತ ಸುದ್ದಿ. ಇಷ್ಟು ಮೀನು ಇಟ್ಕೊಂಡು ಬಂದ್ ಮಾಡೋದು ಯಾಕ್ರೀ?" ಅವತ್ತು ಹೋಳಿಗೆ ಬಡಿಸುವವರು ಬಂದುಬಿಟ್ಟರು. ನಾನು ಏನೋ ಅರ್ಧಂಬರ್ಧ ಹೇಳಿ ಸುಮ್ಮನಾದೆ. ಬಾನವಿಲ್ ಅಂದರೆ ಇಲ್ಲಿನ ಕೊಲಂಬಿಯಾ ನದಿಗೆ ಕಟ್ಟಿದ ಡ್ಯಾಮ್. ಚಿನೂಕ್ ಅಂದರೆ ಸಾಲ್ಮನ್‌ನ ಒಂದು ಜಾತಿ, ಮೊಟ್ಟೆ ಇಡಲು ಸಮುದ್ರದಿಂದ ನದಿಗೆ ಹತ್ತಿ ಬರುವ ಮೀನು. ಇವತ್ತಿನ ಮಾತು ಆ ಉತ್ತರದ ಉಳಿದ ಅರ್ಧ.

ನಾನು ಮೀನುಗಾರಿಕೆ ಇಲಾಖೆಯವನಲ್ಲ, ವಿಜ್ಞಾನಿಯೂ ಅಲ್ಲ. ನಿಮ್ಮಲ್ಲಿ ಬಹಳ ಜನರ ಹಾಗೆ ಚಿಪ್ ಕೆಲಸಕ್ಕೆ ಬಂದು ಪೋರ್ಟ್‌ಲ್ಯಾಂಡ್ ಪಕ್ಕದಲ್ಲಿ ಉಳಿದವನು. ನದಿಯ ಆಚೆ ದಡದಲ್ಲಿ, ವಾಷಿಂಗ್ಟನ್‌ನ ವ್ಯಾಂಕೂವರ್‌ನಲ್ಲಿ ಮನೆ. ಹತ್ತು ಹದಿನೈದು ವರ್ಷದಿಂದ ಗಾಳ ಹಿಡಿದು ಕೂರುವ ಚಟ. ಆ ಚಟದಿಂದಾಗಿ ಈ ನಿಯಮದ ಪುಸ್ತಕ ಓದಿ ಓದಿ ಕಣ್ಣು ಹಾಳು ಮಾಡಿಕೊಂಡಿದ್ದೇನೆ.

ನನ್ನೂರು ತೀರ್ಥಹಳ್ಳಿ ಕಡೆ. ಮೊದಲ ಮಳೆ ಬಿದ್ದು ಹಳ್ಳಕ್ಕೆ ಕೆಂಪು ನೀರು ಬಂತು ಅಂದರೆ ಹತ್ತುಮೀನು ಶುರು. ಮಲೆನಾಡಿನವರು ಇಲ್ಲಿ ಕೆಲವರು ತಲೆ ಆಡಿಸ್ತಾ ಇದ್ದೀರಿ. ಉಳಿದವರಿಗೆ ಹೇಳುತ್ತೇನೆ. ಹೊಳೆಯಲ್ಲಿದ್ದ ಮೀನು ಮೊಟ್ಟೆ ಇಡುವುದಕ್ಕೆ ಹರಿವಿಗೆ ಎದುರಾಗಿ ಹಳ್ಳಕ್ಕೆ, ಅಲ್ಲಿಂದ ಗದ್ದೆಗೆ ಹತ್ತಿ ಬರುತ್ತದೆ. ಅದಕ್ಕೇ ಹತ್ತುಮೀನು. ಜನ ರಾತ್ರಿ ಬ್ಯಾಟರಿ ಹಿಡಿದು, ಕತ್ತಿ ಹಿಡಿದು ಹೋಗುತ್ತಾರೆ. ಹಳ್ಳಕ್ಕೆ ಅಡ್ಡ ಕೂಣಿ ಅಂತ ಮೀನಿನ ಬೋನು ಇಡುತ್ತಾರೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಬುಟ್ಟಿಗಟ್ಟಲೆ ಬರುತ್ತದೆ. ನಾನೂ ಹೋಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅದೇ ತುಂಗೆಯಲ್ಲಿ ಸ್ವಲ್ಪ ದೂರದಲ್ಲಿ ಚಿಬ್ಬಲಗುಡ್ಡೆ ಇದೆ. ಅಲ್ಲಿ ದೇವರ ಮೀನು, ಯಾರೂ ಮುಟ್ಟುವುದಿಲ್ಲ, ಮಂಡಕ್ಕಿ ಹಾಕಿ ಕೈಮುಗಿದು ಬರುತ್ತಾರೆ. ಅಂದರೆ ನಮ್ಮಲ್ಲಿ ಎರಡೇ ನಿಯಮ. ಒಂದು ಕಡೆ ಸಿಕ್ಕಷ್ಟು ಹಿಡಿ, ಇನ್ನೊಂದು ಕಡೆ ಮುಟ್ಟಲೇಬೇಡ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ 61 ದಿನ ರಜೆ. ಅದೂ ಸರಳವೇ. ಯಾವ ಮೀನು, ಯಾವ ಊರು ಅಂತಿಲ್ಲ. ತಾರೀಕು ಬಂತು, ದೋಣಿ ದಡಕ್ಕೆ ಬಂತು.

ಕೊಲಂಬಿಯಾ ಹಾಗಲ್ಲ. ಇದರ ಒಂದು ಸಾಲು ಓದುತ್ತೇನೆ, ವಸಂತಕಾಲದ ನಿಯಮದ ಮಾದರಿ ಇದು. "ಬೀಕನ್ ದ್ವೀಪದವರೆಗೆ ದೋಣಿಯಿಂದಲೂ ದಡದಿಂದಲೂ, ಅಲ್ಲಿಂದ ಬಾನವಿಲ್ ಡ್ಯಾಮ್‌ವರೆಗೆ ದಡದಿಂದ ಮಾತ್ರ. ದಿನಕ್ಕೆ ಎರಡು ದೊಡ್ಡ ಸಾಲ್ಮನ್ ಅಥವಾ ಸ್ಟೀಲ್‌ಹೆಡ್, ಅದರಲ್ಲಿ ಚಿನೂಕ್ ಒಂದೇ. ಅಡಿಪೋಸ್ ಫಿನ್ ಇರುವ ಚಿನೂಕ್ ಮತ್ತು ಸ್ಟೀಲ್‌ಹೆಡ್ ಬಿಡಬೇಕು." ಸ್ಟೀಲ್‌ಹೆಡ್ ಅಂದರೆ ಸಾಲ್ಮನ್‌ನ ನಂಟ, ಅದೂ ಸಮುದ್ರಕ್ಕೆ ಹೋಗಿ ಬರುವ ಮೀನು. ಮೊದಲ ಸಲ ಓದಿದಾಗ ಈ ನಿಯಮ ಆದಾಯ ತೆರಿಗೆ ಫಾರಂ ತರಹ ಕಂಡಿತ್ತು. ಇದರಲ್ಲಿರುವ ಒಂದೊಂದು ಮಾತಿಗೂ ಹಿಂದೆ ಒಂದು ಜಗಳ, ಒಂದು ಕೋರ್ಟ್ ಕೇಸು, ಇಲ್ಲಾ ಒಂದು ಸಾವು ಇದೆ.

ಚಿಕ್ಕ ಮಾತು ಮೊದಲು. ಅಡಿಪೋಸ್ ಫಿನ್ ಅಂದರೆ ಏನು? ಸಾಲ್ಮನ್ ಬೆನ್ನ ಮೇಲೆ ದೊಡ್ಡ ರೆಕ್ಕೆ ಒಂದಿದೆ, ಅದನ್ನು ಬಿಡಿ. ಅದರ ಹಿಂದೆ, ಬಾಲಕ್ಕೆ ಸ್ವಲ್ಪ ಮುಂಚೆ, ಹೆಬ್ಬೆರಳಿನ ತುದಿಯಷ್ಟು ಒಂದು ಮೆತ್ತನೆಯ ತುಂಡು ಇರುತ್ತದೆ. ಮೂಳೆ ಇಲ್ಲ, ಏನಿಲ್ಲ. ಕಿವಿಯ ಹಾಲೆ ಮುಟ್ಟಿದ ಹಾಗಿರುತ್ತದೆ. ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆ ಒಡೆಸಿ ಮೀನು ಸಾಕುವ ಜಾಗದಲ್ಲಿ, ಮರಿ ಬೆರಳುದ್ದ ಇರುವಾಗಲೇ ಇದನ್ನು ಕತ್ತರಿಸಿ ನದಿಗೆ ಬಿಡುತ್ತಾರೆ. ಮರಿ ಸಮುದ್ರಕ್ಕೆ ಹೋಗಿ, ಎರಡರಿಂದ ಐದು ವರ್ಷ ಬೆಳೆದು, ಹತ್ತು ಹದಿನೈದು ಪೌಂಡ್ ಆಗಿ ವಾಪಸ್ ಬಂದಾಗಲೂ ಆ ಜಾಗ ಬೋಳಾಗಿಯೇ ಇರುತ್ತದೆ. ಗಾಳಕ್ಕೆ ಮೀನು ಬಿದ್ದ ಕೂಡಲೇ ನೋಡಬೇಕಾದದ್ದು ಅದನ್ನೇ. ಬೋಳಾಗಿದ್ದರೆ ಹ್ಯಾಚರಿಯದು, ಇಟ್ಟುಕೊಳ್ಳಬಹುದು. ತುಂಡು ಇದ್ದರೆ ಕಾಡುಮೀನು, ಅಂದರೆ ನದಿಯಲ್ಲೇ ತಾನಾಗಿ ಹುಟ್ಟಿದ್ದು ಅಂತ ಲೆಕ್ಕ, ಬಿಡಬೇಕು. ಬಿಡಬೇಕಾದ ಮೀನನ್ನು ಪೂರ್ತಿ ನೀರಿನಿಂದ ಮೇಲೆ ಎತ್ತುವ ಹಾಗೂ ಇಲ್ಲ. ಫೋಟೋಗೆ ಅಂತ ಎದೆಗೆ ಅಪ್ಪಿಕೊಂಡು ನಿಂತರೆ, ಆ ಫೋಟೋನೇ ನಿಮ್ಮ ಮೇಲೆ ಸಾಕ್ಷಿ ಆಗುತ್ತದೆ.

ಕೆಲವರಿಗೆ ಬುದ್ಧಿ ಓಡುತ್ತದೆ. ಕತ್ತರಿ ಇಟ್ಟುಕೊಂಡು ನಾವೇ ಕತ್ತರಿಸಿದರೆ ಆಯ್ತಲ್ಲ ಅಂತ. ನಗಬೇಡಿ, ಹಾಗೆ ಮಾಡಿ ಸಿಕ್ಕಿಬಿದ್ದವರಿದ್ದಾರೆ. ನಿಯಮದಲ್ಲಿ "ಮಾಗಿದ ಗಾಯದ ಗುರುತು ಇರಬೇಕು" ಅಂತ ಬರೆದಿರುವುದು ಅದಕ್ಕೇ. ಮೂರು ವರ್ಷ ಹಳೆಯ ಗಾಯಕ್ಕೂ ಮೂರು ನಿಮಿಷದ ಗಾಯಕ್ಕೂ ವ್ಯತ್ಯಾಸ ನೋಡುವವರಿಗೆ ಗೊತ್ತಾಗುತ್ತದೆ.

ಸರಿ, ಹ್ಯಾಚರಿ ಮೀನು ಮಾತ್ರ ಇಟ್ಟುಕೊಳ್ಳುತ್ತೇವೆ, ಕಾಡುಮೀನು ಬಿಡುತ್ತೇವೆ. ಹಾಗಾದರೆ ವರ್ಷವಿಡೀ ಹಿಡಿದರೆ ಏನು ಕಷ್ಟ? ಹಾಲ್‌ನಲ್ಲಿ ಕೇಳಿದವರ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಗಾಳ ಕಿವಿರಿಗೆ ಚುಚ್ಚಿರುತ್ತದೆ, ಎಳೆದಾಟದಲ್ಲಿ ಸುಸ್ತಾಗಿರುತ್ತದೆ, ಬಲೆಗೆ ಉಜ್ಜಿ ಪೊರೆ ಹೋಗಿರುತ್ತದೆ. ವಸಂತದ ಚಿನೂಕ್ ವಿಷಯದಲ್ಲಿ, ಗಾಳದಿಂದ ಬಿಟ್ಟ ನೂರು ಮೀನಿನಲ್ಲಿ ಹತ್ತು ಸತ್ತವು ಅಂತ ಇಲಾಖೆಯವರು ಲೆಕ್ಕಕ್ಕೆ ಹಿಡಿಯುತ್ತಾರೆ. ನೀವು ಮನೆಗೆ ತಂದ ಮೀನಿಗಿಂತ, ನೀವು ಬಿಟ್ಟು ಸತ್ತ ಮೀನಿನ ಲೆಕ್ಕವೇ ಸೀಸನ್ನಿನ ಉದ್ದ ತೀರ್ಮಾನ ಮಾಡುತ್ತದೆ.

ಒಂದು ಉದಾಹರಣೆ ಮಾಡೋಣ. ಸಂಖ್ಯೆ ಸುಮ್ನೆ ಲೆಕ್ಕಕ್ಕೆ, ಆದರೆ ದಾರಿ ನಿಜ. ಈ ವರ್ಷ ಡ್ಯಾಮ್‌ನ ಮೇಲಕ್ಕೆ ಹೋಗಬೇಕಾದ ವಸಂತದ ಚಿನೂಕ್ 1 ಲಕ್ಷ ಬರುತ್ತದೆ ಅಂದುಕೊಳ್ಳಿ. ಅದರಲ್ಲಿ ಕಾಡುಮೀನು 20 ಸಾವಿರ. ಇಷ್ಟು ಮೀನು ಬರುವ ವರ್ಷ, ಇಲ್ಲಿನ ಮೂಲನಿವಾಸಿ ಬುಡಕಟ್ಟಿನವರನ್ನು ಬಿಟ್ಟು ಉಳಿದ ಎಲ್ಲರೂ ಸೇರಿ ಕಾಡುಮೀನಿನಲ್ಲಿ ನೂರಕ್ಕೆ 1.6ಕ್ಕಿಂತ ಜಾಸ್ತಿ ಸಾಯಿಸುವ ಹಾಗಿಲ್ಲ. ಅಂದರೆ 320 ಮೀನು. ಬಿಟ್ಟ ಹತ್ತರಲ್ಲಿ ಒಂದು ಸಾಯುತ್ತದೆ ಅಂದರೆ, ನಾವೆಲ್ಲ ಸೇರಿ 3,200 ಕಾಡುಮೀನು ಹಿಡಿದು ಬಿಡಬಹುದು. ಗಾಳಕ್ಕೆ ಬೀಳುವ ಐದರಲ್ಲಿ ಒಂದು ಕಾಡುಮೀನು ಆದರೆ, ಒಟ್ಟು 16 ಸಾವಿರ ಮೀನು ಹಿಡಿದಾಗ ನಮ್ಮ ಲೆಕ್ಕ ಮುಗಿಯಿತು. ಅದರಲ್ಲಿ ಇಟ್ಟುಕೊಂಡದ್ದು 12,800. ನದಿಯಲ್ಲಿ ಇನ್ನೂ ಎಷ್ಟೋ ಸಾವಿರ ಹ್ಯಾಚರಿ ಮೀನು ಇದೆ. ಇರಲಿ. ಸೀಸನ್ ಬಂದ್.

ಈಗ ಒಂದು ಅಂಕಿ ಬದಲಾಯಿಸಿ. ಗಾಳಕ್ಕೆ ಬೀಳುವ ಐದರಲ್ಲಿ ಒಂದಲ್ಲ, ಎರಡು ಕಾಡುಮೀನು. ಆಗ 8 ಸಾವಿರ ಹಿಡಿಯುವಷ್ಟರಲ್ಲಿ 320 ಮುಟ್ಟಿತು. ಮನೆಗೆ ಬಂದದ್ದು 4,800 ಮಾತ್ರ. ನದಿಯಲ್ಲಿ ಮೀನು ಕಡಿಮೆಯಾಗಿಲ್ಲ, ಜನ ಕೆಟ್ಟವರಾಗಿಲ್ಲ. ಸೀಸನ್ ಅರ್ಧಕ್ಕೆ ನಿಂತಿತು. ಇದನ್ನು ಕೂತು ಲೆಕ್ಕ ಹಾಕಿದ ದಿನ ನನಗೆ ಪುಸ್ತಕದ ಮುಕ್ಕಾಲು ಪಾಲು ಅರ್ಥವಾಯಿತು. ಈ 320ನ್ನೂ ಒಬ್ಬರೇ ಬಳಸುವ ಹಾಗಿಲ್ಲ. ಗಾಳದವರು, ವ್ಯಾಪಾರದ ಬಲೆಯವರು, ಡ್ಯಾಮ್ ಕೆಳಗಿನವರು, ಮೇಲಿನವರು, ಉಪನದಿಯಾದ ಸ್ನೇಕ್ ನದಿಯವರು ಎಲ್ಲರಿಗೂ ಹಂಚಬೇಕು. ಅವಿಭಕ್ತ ಕುಟುಂಬದಲ್ಲಿ ಒಂದು ಹಲಸಿನಹಣ್ಣು ಹಂಚಿದ ಹಾಗೆ.

ಕುರಿಮಂದೆ ಊರಿಂದೂರಿಗೆ ಹೋಗುವುದನ್ನು ನೋಡಿದ್ದೀರಲ್ವಾ? ಸಾವಿರ ಕುರಿ ಇರಬಹುದು, ಮಂದೆ ನಡೆಯುವುದು ಕುಂಟು ಕುರಿಯ ವೇಗದಲ್ಲಿ. ಕೊಲಂಬಿಯಾದಲ್ಲೂ ಹಾಗೆಯೇ. ಬಲವಾದ ಮೀನೂ ಬಡಪಾಯಿ ಮೀನೂ ಒಟ್ಟಿಗೆ ಬರುತ್ತವೆ. ನೀರಿನೊಳಗೆ ಬಿದ್ದ ಗಾಳಕ್ಕೆ ಯಾವುದು ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ಬಡಪಾಯಿಗೆ ತಕ್ಕ ಹಾಗೆ ಎಲ್ಲರ ಸೀಸನ್.

ಆ ಬಡಪಾಯಿ ಯಾರು? ಈ ನದಿಯ ಜಲಾನಯನದಲ್ಲಿ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಸೇರಿ 13 ಗುಂಪು ಅಳಿವಿನಂಚಿನ ಜೀವಿಗಳನ್ನು ಕಾಪಾಡುವ ಕಾಯ್ದೆಯ ಪಟ್ಟಿಯಲ್ಲಿವೆ. ಮೊದಲು ಸೇರಿದ್ದು ಸ್ನೇಕ್ ನದಿಯ ಸಾಕ್‌ಐ ಅನ್ನುವ ಸಾಲ್ಮನ್, 1991ರಲ್ಲಿ. ಅದರ ಊರು ಐಡಹೋದ ರೆಡ್‌ಫಿಶ್ ಸರೋವರ. ಸಮುದ್ರದಿಂದ 900 ಮೈಲಿ ಈಜಿ, 6,500 ಅಡಿ ಹತ್ತಿ ಹೋಗಬೇಕು. ದಾರಿಯಲ್ಲಿ ಎಂಟು ಡ್ಯಾಮ್. ನಮ್ಮ ಹತ್ತುಮೀನು ಇದರ ಮುಂದೆ ಮಗು. 1992ರಲ್ಲಿ ಆ ಸರೋವರಕ್ಕೆ ವಾಪಸ್ ಬಂದದ್ದು ಒಂದೇ ಒಂದು ಸಾಕ್‌ಐ. ಅದೂ ಗಂಡು. ಜನ ಅದಕ್ಕೆ ಲೋನ್ಸಮ್ ಲ್ಯಾರಿ ಅಂತ ಹೆಸರಿಟ್ಟರು, ಒಂಟಿ ಲ್ಯಾರಿ. 2024ರಲ್ಲಿ ಬಾನವಿಲ್ ದಾಟಿದ ಸಾಕ್‌ಐ 7.5 ಲಕ್ಷ, ದಾಖಲೆ. ಬಹುಪಾಲು ಒಕನಾಗನ್ ಮತ್ತು ವೆನಾಚಿ ಅನ್ನುವ ಬೇರೆ ಉಪನದಿಗಳ ಕಡೆಯವು. ಅವುಗಳ ನಡುವೆ ಲ್ಯಾರಿಯ ನಂಟರು ಒಂದಷ್ಟು. ಹೊರಗಿನಿಂದ ನೋಡಿದರೆ ಒಂದೇ ತರಹ. ಆದ್ದರಿಂದ ಬುಡಕಟ್ಟಿನವರಲ್ಲದವರಿಗೆ ಸಾಕ್‌ಐ ಲೆಕ್ಕ ನೂರಕ್ಕೆ 1 ಮಾತ್ರ. ಲಕ್ಷಗಟ್ಟಲೆ ಮೀನು ಬಂದರೂ ಮಿತಿ ಇಷ್ಟು ಬಿಗಿ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಎರಡು ರಾಜ್ಯ, ಒಂದು ನದಿ ಅಂದರೆ ಏನಾಗುತ್ತದೆ ಅಂತ ನಮ್ಮವರಿಗೆ ಬೇರೆ ಹೇಳಬೇಕಾ? ಕೊಲಂಬಿಯಾ ಸುಮಾರು 2,000 ಕಿಲೋಮೀಟರ್ ಹರಿಯುತ್ತದೆ, ಕಾವೇರಿಯ ಎರಡೂವರೆ ಪಟ್ಟು. ಕೆನಡಾದಲ್ಲಿ ಹುಟ್ಟಿ, ಕೊನೆಯ ಸುಮಾರು 300 ಮೈಲಿ ಒರೆಗಾನ್ ಮತ್ತು ವಾಷಿಂಗ್ಟನ್ ನಡುವಿನ ಗಡಿಯಾಗಿ ಹರಿದು ಆಸ್ಟೋರಿಯಾ ಹತ್ತಿರ ಸಮುದ್ರ ಸೇರುತ್ತದೆ. 1866ರಲ್ಲಿ ಇಲ್ಲಿ ಮೊದಲ ಸಾಲ್ಮನ್ ಡಬ್ಬಿ ಕಾರ್ಖಾನೆ ಶುರುವಾಯಿತು. ಆಮೇಲೆ ಕೆಳಗೆ ಬಲೆಯವರು, ಮೇಲೆ ಮೀನುಚಕ್ರದವರು. ಮೀನುಚಕ್ರ ಅಂದರೆ ನೀರಿನ ಹರಿವಿಗೆ ತಾನೇ ತಿರುಗುವ ದೊಡ್ಡ ಚಕ್ರ, ಅದಕ್ಕೆ ಬಲೆಯ ತೊಟ್ಟಿಲು. ಮೀನು ಈಜಿ ಬರುತ್ತದೆ, ಚಕ್ರ ಎತ್ತಿ ಹಾಕುತ್ತದೆ. ಮನುಷ್ಯ ಬೀಡಿ ಸೇದುತ್ತಾ ಕೂತರೂ ಆಯಿತು.

ಇಬ್ಬರಿಗೂ ಜಗಳ. 1908ರಲ್ಲಿ ಒರೆಗಾನ್‌ನಲ್ಲಿ ಜನಮತಕ್ಕೆ ಎರಡು ಮಸೂದೆ ಬಂದವು. ಕೆಳಗಿನವರು ಮೇಲಿನ ಚಕ್ರ ನಿಲ್ಲಿಸಿ ಅಂತ ಒಂದು ತಂದರು. ಮೇಲಿನವರು ಕೆಳಗಿನ ಬಲೆಗೆ ಕಡಿವಾಣ ಹಾಕಿ ಅಂತ ಇನ್ನೊಂದು ತಂದರು. ಮತದಾರರು ಏನು ಮಾಡಿದರು ಗೊತ್ತಾ? ಎರಡಕ್ಕೂ ಹೌದು ಅಂದರು! ಅತ್ತೆ ಸೊಸೆ ಇಬ್ಬರೂ ಗೆದ್ದು ಮನೆಯಲ್ಲಿ ಒಲೆಯೇ ಹತ್ತದ ಹಾಗಾಯಿತು. ಇಂಥದ್ದೆಲ್ಲ ಆದಮೇಲೆ, ಒಂದು ದಡದ ಕಾನೂನು ಇನ್ನೊಂದು ದಡದಲ್ಲಿ ನಡೆಯದೆ ಇದ್ದರೆ ಉಪಯೋಗವಿಲ್ಲ ಅಂತ ಇಬ್ಬರಿಗೂ ಅರ್ಥವಾಯಿತು. ಎರಡು ರಾಜ್ಯ ಸೇರಿ ಮಾಡಿಕೊಂಡ ಒಪ್ಪಂದಕ್ಕೆ 1918ರಲ್ಲಿ ಅಮೆರಿಕದ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಅದೇ ಕೊಲಂಬಿಯಾ ರಿವರ್ ಕಾಂಪ್ಯಾಕ್ಟ್. ವ್ಯಾಪಾರದ ಮೀನುಗಾರಿಕೆ ಅದರ ಕೆಳಗೆ. ನಮ್ಮಂಥ ಗಾಳದವರ ಸೀಸನ್ನನ್ನೂ ಎರಡೂ ರಾಜ್ಯದವರು ಜಂಟಿ ಸಭೆಯಲ್ಲಿ ಕೂತು ತೀರ್ಮಾನಿಸುತ್ತಾರೆ. ಮೀನುಚಕ್ರ ಒರೆಗಾನ್‌ನಲ್ಲಿ 1926ರಲ್ಲಿ, ವಾಷಿಂಗ್ಟನ್‌ನಲ್ಲಿ 1934ರಲ್ಲಿ ನಿಂತುಹೋಯಿತು.

ಲೈಸೆನ್ಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ತುಂಬಾ ಜನ ತಪ್ಪು ಮಾಡುತ್ತಾರೆ. ಗಡಿಯಾಗಿ ಹರಿಯುವ ಭಾಗದಲ್ಲಿ ದೋಣಿಯಲ್ಲಿ ಕೂತರೆ ಯಾವ ರಾಜ್ಯದ ಲೈಸೆನ್ಸ್ ಆದರೂ ನಡೆಯುತ್ತದೆ. ದಡದಲ್ಲಿ ನಿಂತರೆ ಆ ದಡದ ರಾಜ್ಯದ್ದೇ ಬೇಕು. ಉಪನದಿಗೆ ತಿರುಗಿದರೂ ಹಾಗೆಯೇ. ಹಿಲ್ಸ್‌ಬರೋದಿಂದ ಒರೆಗಾನ್ ಲೈಸೆನ್ಸ್ ಜೇಬಲ್ಲಿ ಇಟ್ಟುಕೊಂಡು ನಮ್ಮ ವ್ಯಾಂಕೂವರ್ ಕಡೆ ಫ್ರೆಂಚ್‌ಮನ್ಸ್ ಬಾರ್‌ನಲ್ಲಿ ಬಂದು ಕೂರಬೇಡಿ. ಮರಳು ಚೆನ್ನಾಗಿದೆ, ಸೇತುವೆ ದಾಟಿದರೆ ಹತ್ತಿರ ನಿಜ. ಆದರೂ ಬೇಡ.

ಈಗ ಸ್ವಲ್ಪ ಸೂಕ್ಷ್ಮದ ವಿಷಯ. ದಡದಲ್ಲಿ ಕೂತರೆ ಒಂದು ಗೊಣಗಾಟ ಕೇಳಿಸುತ್ತದೆ. "ನಮಗೆ ಒಂದು ಮೀನು, ಅವರಿಗೆ ಬಲೆ." ಅವರು ಅಂದರೆ ಇಲ್ಲಿನ ಮೂಲನಿವಾಸಿಗಳು. ನಮ್ಮವರೂ ಕೆಲವರು ಅದೇ ಮಾತು ಕಲಿತುಕೊಂಡಿದ್ದಾರೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1855ರಲ್ಲಿ ಯಾಕಮಾ, ಯೂಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಜನ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಕಣ್ಣು ಹಾಯಿಸಿದಷ್ಟೂ ದೂರದ ನೆಲ ಬಿಟ್ಟುಕೊಟ್ಟರು. ಬಿಡದೆ ಉಳಿಸಿಕೊಂಡದ್ದರಲ್ಲಿ ಒಂದು, ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಹಿಡಿಯುವ ಹಕ್ಕು. ಗಮನಿಸಿ, ಇದು ಸರ್ಕಾರ ಕೊಟ್ಟ ಸವಲತ್ತಲ್ಲ. ಆಸ್ತಿ ಮಾರುವಾಗ ಬಾವಿಯ ನೀರಿನ ಹಕ್ಕು ನನಗೇ ಇರಲಿ ಅಂತ ಪತ್ರದಲ್ಲಿ ಬರೆಸಿಕೊಳ್ಳುತ್ತೇವಲ್ಲ, ಹಾಗೆ. ಆಮೇಲೆ ನೂರು ವರ್ಷ ಆ ಮಾತಿಗೆ ಬೆಲೆಯೇ ಇರಲಿಲ್ಲ. 1969ರಲ್ಲಿ ನ್ಯಾಯಾಧೀಶ ರಾಬರ್ಟ್ ಬೆಲೋನಿ ಅವರಿಗೆ ನ್ಯಾಯವಾದ ಪಾಲು ಸಿಗಬೇಕು ಅಂತ ತೀರ್ಪು ಕೊಟ್ಟರು. 1974ರಲ್ಲಿ ವಾಷಿಂಗ್ಟನ್ ಕೇಸಿನಲ್ಲಿ ಜಾರ್ಜ್ ಬೋಲ್ಟ್ ಆ ಪಾಲು ಅರ್ಧ ಅಂತ ಹೇಳಿದರು. ಇವತ್ತಿನ ಸೀಸನ್ ಪಟ್ಟಿಯೆಲ್ಲ ಬೆಲೋನಿ ಕೇಸಿನ ಅಡಿಯಲ್ಲಿ ರಾಜ್ಯಗಳು, ಬುಡಕಟ್ಟುಗಳು, ಕೇಂದ್ರ ಸೇರಿ ಬರೆದುಕೊಂಡ ಒಪ್ಪಂದದಿಂದ ಬರುತ್ತದೆ. ಈಗಿನದು 2018ರಿಂದ 2027ರವರೆಗಿನದು. ನಾನು ಆಗ ಹೇಳಿದ 1.6 ಕೂಡ ಅದರ ಕೋಷ್ಟಕದಿಂದಲೇ. ಮೀನು ಜಾಸ್ತಿ ಬಂದರೆ ಶೇಕಡಾವಾರು ಏರುತ್ತದೆ, ಕಡಿಮೆ ಬಂದರೆ ಇಳಿಯುತ್ತದೆ. ಎಲ್ಲರದ್ದೂ ಸೇರಿ ತೀರಾ ಕೆಟ್ಟ ವರ್ಷ 5.5, ತುಂಬ ಒಳ್ಳೆಯ ವರ್ಷ 17.

ಬಾನವಿಲ್‌ನಿಂದ ಮೇಲೆ ಮೆಕ್‌ನೇರಿ ಡ್ಯಾಮ್ ತನಕ ವ್ಯಾಪಾರಕ್ಕೆ ಮೀನು ಹಿಡಿಯುವುದು ಈ ನಾಲ್ಕು ಬುಡಕಟ್ಟಿನವರು ಮಾತ್ರ. ಅಲ್ಲೇ ಸಿಲೈಲೋ ಜಲಪಾತ ಇತ್ತು. ಬಂಡೆಗೆ ಮರದ ಅಟ್ಟಣಿಗೆ ಕಟ್ಟಿ, ಉದ್ದ ಕೋಲಿನ ಕೈಬಲೆಯಲ್ಲಿ ಮೀನು ಎತ್ತುತ್ತಿದ್ದರು. ಸಾವಿರಾರು ವರ್ಷದ ಸಂತೆ ಅದು. 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಡ್ಯಾಮಿನ ಗೇಟು ಹಾಕಿದರು. ಕೆಲವೇ ಗಂಟೆಯಲ್ಲಿ ಜಲಪಾತ ಮುಳುಗಿತು, ದಡದಲ್ಲಿ ನಿಂತ ಜನ ನೋಡುತ್ತಿದ್ದ ಹಾಗೆಯೇ. ಲಿಂಗನಮಕ್ಕಿಯಲ್ಲಿ ಊರು ಕಳಕೊಂಡ ಮನೆಯವರು ಇಲ್ಲಿದ್ದರೆ, ನಿಮಗೆ ನಾನು ಇನ್ನೇನೂ ಹೇಳುವುದು ಬೇಡ. ಕ್ಯಾಸ್ಕೇಡ್ ಲಾಕ್ಸ್‌ನಲ್ಲಿ ಸೇತುವೆ ಬುಡದಲ್ಲಿ ಅವರು ಐಸ್ ಪೆಟ್ಟಿಗೆ ಇಟ್ಟುಕೊಂಡು ಮೀನು ಮಾರುತ್ತಾರೆ. ನಾನು ಗಾಳದಲ್ಲಿ ಏನೂ ಸಿಗದ ದಿನ ಅಲ್ಲಿ ಕೊಂಡುಕೊಂಡು ಬರುತ್ತೇನೆ. ಮನೆಯಲ್ಲಿ ಎಲ್ಲಿಂದ ಬಂತು ಅಂತ ಕೇಳಿದರೆ ನಿಜವನ್ನೇ ಹೇಳುತ್ತೇನೆ, ಸ್ವಲ್ಪ ತಡವಾಗಿ.

ಡ್ಯಾಮಿನ ಮಾತು ಬಂತಲ್ಲ. ಬಿಳಿಯರು ಬರುವ ಮುಂಚೆ ಈ ನದಿಗೆ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್, ಸ್ಟೀಲ್‌ಹೆಡ್ ಬರುತ್ತಿದ್ದವು ಅಂತ ಅಂದಾಜು. 1938ರಲ್ಲಿ ಬಾನವಿಲ್ ಆದಾಗ ಮೀನು ಹತ್ತಲು ಮೆಟ್ಟಿಲು ಕಟ್ಟಿದರು. ಗ್ರ್ಯಾಂಡ್ ಕೂಲಿಗೆ ಮೆಟ್ಟಿಲೇ ಇಲ್ಲ. ಅದಕ್ಕಿಂತ ಕೆಳಗಿನ ಚೀಫ್ ಜೋಸೆಫ್‌ಗೂ ಇಲ್ಲ. ಅಲ್ಲಿಗೆ ಸಾಲ್ಮನ್‌ನ ದಾರಿ ಮುಗಿಯಿತು. ಮೇಲಿನ ನೂರಾರು ಮೈಲಿ ನದಿ ಸಾಲ್ಮನ್ ಇಲ್ಲದ ನದಿ. ಸ್ವಲ್ಪ ನೇರವಾಗಿ ಹೇಳುತ್ತೇನೆ, ಗಾಳದವರ ಮೇಲೆ ಇಷ್ಟು ನಿಯಮ ಬೀಳುವುದಕ್ಕೆ ಒಂದು ಕಾರಣ, ಡ್ಯಾಮಿಗೆ ಫೈನ್ ಹಾಕಲಾಗದೆ ಇರುವುದು. ನಮ್ಮನೆ ಕರೆಂಟು ಅದೇ ಡ್ಯಾಮಿನದು, ಅದೂ ಗೊತ್ತಿದೆ.

ಬಾನವಿಲ್ ಮೆಟ್ಟಿಲಿನ ಕಿಟಕಿಯ ಹಿಂದೆ ಒಬ್ಬರು ಕೂತು ಮೀನು ಎಣಿಸುತ್ತಾರೆ. ನಿಜವಾಗಿಯೂ ಮನುಷ್ಯರು ಕೂತು, ಕಣ್ಣಿಂದ ನೋಡಿ. ಚಿನೂಕ್, ಕೋಹೋ, ಸ್ಟೀಲ್‌ಹೆಡ್, ಜ್ಯಾಕ್ ಅಂತ ಬೇರೆಬೇರೆ. ಜ್ಯಾಕ್ ಅಂದರೆ ಅವಸರಪಟ್ಟು ಬೇಗ ವಾಪಸ್ ಬಂದ ಹುಡುಗ. ಚಿನೂಕ್‌ನಲ್ಲಿ 24 ಇಂಚಿಗಿಂತ ಚಿಕ್ಕದು. ಈ ಜ್ಯಾಕ್‌ಗಳು ಬಹಳ ಮುಖ್ಯ. ಈ ವರ್ಷ ಜ್ಯಾಕ್ ಜಾಸ್ತಿ ಬಂದರೆ, ಅದರ ಓರಗೆಯವರು ಸಮುದ್ರದಲ್ಲಿ ಚೆನ್ನಾಗಿದ್ದಾರೆ, ಮುಂದಿನ ವರ್ಷ ಬರುತ್ತಾರೆ ಅಂತ ಅರ್ಥ. ಮುಂದಿನ ವರ್ಷದ ಅಂದಾಜು ಕಟ್ಟುವುದರಲ್ಲಿ ಈ ಹುಡುಗರ ಲೆಕ್ಕಕ್ಕೆ ದೊಡ್ಡ ಪಾತ್ರ. 1938ರಿಂದ ಈ ಎಣಿಕೆ ಇದೆ. 2013ರಲ್ಲಿ ಶರತ್ಕಾಲದ ಚಿನೂಕ್ ಒಂದೇ 9.5 ಲಕ್ಷ ಎಣಿಸಿದರು.

ಕ್ಯಾಲೆಂಡರೂ ಅದೇ ಕಿಟಕಿಯದು. ಜೂನ್ 15ರ ತನಕ ದಾಟಿದ ಚಿನೂಕ್ ವಸಂತದ್ದು, ಜುಲೈ 31ರ ತನಕ ಬೇಸಿಗೆಯದು, ಆಗಸ್ಟ್ 1ರಿಂದ ಶರತ್ಕಾಲದ್ದು. ಮೀನು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಎಲ್ಲೋ ಒಂದು ಗೆರೆ ಎಳೆಯಬೇಕಲ್ಲ.

ವಸಂತದ ಚಿನೂಕ್‌ಗೆ ಇಲ್ಲಿನವರು ಸ್ಪ್ರಿಂಗರ್ ಅನ್ನುತ್ತಾರೆ. ಕೊಬ್ಬು ಜಾಸ್ತಿ, ರುಚಿಗೆ ಸಾಟಿ ಇಲ್ಲ. ಕುಂದಾಪುರದ ಮಸಾಲೆ ಹಚ್ಚಿ ಹುರಿದರೂ ಚೆನ್ನ, ಸುಮ್ನೆ ಉಪ್ಪು ಹಾಕಿ ಸುಟ್ಟರೂ ಚೆನ್ನ. ಇದರ ಅಂದಾಜು ಡಿಸೆಂಬರ್‌ನಲ್ಲಿ ಬರುತ್ತದೆ, ಫೆಬ್ರವರಿಯಲ್ಲಿ ಸೀಸನ್ ತೀರ್ಮಾನ. ಮಾರ್ಚ್‌ನಿಂದ ಏಪ್ರಿಲ್ ಮೊದಲ ವಾರದ ತನಕ ಸಾಮಾನ್ಯವಾಗಿ ತೆರೆದಿರುತ್ತದೆ. ಇಲ್ಲೊಂದು ಉಪಾಯ ಮಾಡಿದ್ದಾರೆ. ಅಂದಾಜು 1 ಲಕ್ಷ ಅಂತ ಬಂದರೆ, ಅದನ್ನು 70 ಸಾವಿರ ಅಂತಲೇ ಹಿಡಿದು ಸೀಸನ್ ಶುರು ಮಾಡುತ್ತಾರೆ. ನೂರಕ್ಕೆ 30 ಕೈಯಲ್ಲಿ ಇಟ್ಟುಕೊಂಡಿರುತ್ತಾರೆ. ಬೀಗರು ನೂರು ಜನ ಬರ್ತೀವಿ ಅಂದರೆ ಎಪ್ಪತ್ತು ಎಲೆ ಮೊದಲು ಹಾಕಿ, ನೋಡಿಕೊಂಡು ಮುಂದಿನ ಪಂಕ್ತಿ ಅನ್ನುವ ಹಾಗೆ. ಮೇ ತಿಂಗಳಲ್ಲಿ ಬಾನವಿಲ್ ಎಣಿಕೆ ನೋಡಿ ಅಂದಾಜು ತಿದ್ದುತ್ತಾರೆ. ಮೀನು ಬಂದಿದೆ ಅಂತ ಖಾತ್ರಿಯಾದರೆ ಇನ್ನು ಕೆಲವು ದಿನ ತೆರೆಯುತ್ತಾರೆ. ಏಪ್ರಿಲ್‌ನಲ್ಲಿ ಬಂದ್ ಮಾಡಿ ಮೇನಲ್ಲಿ ನಾಲ್ಕು ದಿನ ತೆರೆದರು, ಇವರಿಗೆ ತಲೆ ಕೆಟ್ಟಿದೆ ಅಂತ ಬಯ್ಯುವವರಿಗೆ ಉತ್ತರ ಇದು.

ಆಗಸ್ಟ್‌ನಲ್ಲಿ ಗದ್ದಲವೆಲ್ಲ ನದಿಯ ಬಾಯಲ್ಲಿ. ಅಲ್ಲಿ ಹಡಗಿಗೆ ದಾರಿ ತೋರಿಸುವ ಹತ್ತನೇ ನಂಬರಿನ ಒಂದು ತೇಲುಗುರುತು ಇದೆ, ಇಂಗ್ಲಿಷಿನಲ್ಲಿ ಬಾಯ್ (buoy). ಅದರ ಹೆಸರೇ ಜಾಗಕ್ಕೆ: ಬಾಯ್ ಟೆನ್. ಸಮುದ್ರದ ಸೀಸನ್ನನ್ನು ಪೆಸಿಫಿಕ್ ಕೌನ್ಸಿಲ್‌ನವರು ಏಪ್ರಿಲ್‌ನಲ್ಲಿ ತೀರ್ಮಾನಿಸುವಾಗಲೇ ಇದರ ಲೆಕ್ಕವೂ ಸೇರಿರುತ್ತದೆ. ಯಾಕೆ ಅಂದರೆ ಸಮುದ್ರದಲ್ಲಿ ಸತ್ತ ಮೀನು ನದಿಗೆ ಬರುವುದಿಲ್ಲ, ಎರಡೂ ಒಂದೇ ಖಾತೆ. ಅಲ್ಲಿ ಟ್ಯೂಲಿ ಅಂತ ಒಂದು ಚಿನೂಕ್, ಕೆಳನದಿಯದು, ಬೇಗ ಕಪ್ಪಾಗುತ್ತದೆ. ಬ್ರೈಟ್ ಅಂತ ಇನ್ನೊಂದು, ಬೆಳ್ಳಗೆ ಹೊಳೆಯುತ್ತಾ ಮೇಲೆ ದೂರದ ಹ್ಯಾನ್‌ಫರ್ಡ್ ತನಕ ಹೋಗುತ್ತದೆ. ಬ್ರೈಟ್ ಲಕ್ಷಗಟ್ಟಲೆ ಇರಬಹುದು. ಆದರೆ ಟ್ಯೂಲಿಯ ಕಾಡು ಬಳಗ ಪಟ್ಟಿಯಲ್ಲಿದೆ, ಸ್ನೇಕ್ ನದಿಯ ಶರತ್ಕಾಲದ ಚಿನೂಕೂ ಪಟ್ಟಿಯಲ್ಲಿದೆ. ಮತ್ತೆ ಅದೇ ಕುಂಟು ಕುರಿ.

ನನ್ನ ಕಥೆ ಒಂದು ಹೇಳಿಬಿಡುತ್ತೇನೆ. ಶುರುವಿನ ವರ್ಷ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಉಪ್ಪಿಟ್ಟು ಡಬ್ಬಿಗೆ ಹಾಕಿಕೊಂಡು, ಅಚ್ಚಾದ ಪುಸ್ತಕ ಕಾರಿನಲ್ಲಿಟ್ಟುಕೊಂಡು ದಡಕ್ಕೆ ಹೋದೆ. ಪುಸ್ತಕದ ಪ್ರಕಾರ ಸೀಸನ್ ಇದೆ. ದಡದಲ್ಲಿ ಒಂದು ನರಪಿಳ್ಳೆ ಇಲ್ಲ. ನನಗೆ ಖುಷಿಯೋ ಖುಷಿ, ಇವತ್ತು ಜಾಗವೆಲ್ಲ ನನ್ನದೇ ಅಂತ. ಗಾಳ ಬಿಟ್ಟು ಅರ್ಧ ಗಂಟೆ ಆಗಿರಬೇಕು. ಅಧಿಕಾರಿಯೊಬ್ಬರು ನಡೆದುಕೊಂಡು ಬಂದರು. ಸೀಸನ್ ಎರಡು ದಿನದ ಹಿಂದೆಯೇ ಬಂದ್ ಆಗಿತ್ತು. ತುರ್ತು ನಿಯಮ ಅಂತ ಬರುತ್ತದೆ, ಅದು ಬಂದ ಮೇಲೆ ಅಚ್ಚಾದ ಪುಸ್ತಕಕ್ಕೆ ಬೆಲೆ ಇಲ್ಲ. ಮೀನು ಸಿಕ್ಕಿರಲಿಲ್ಲವಾದ್ದರಿಂದಲೋ, ನನ್ನ ಮುಖ ನೋಡಿ ಪಾಪ ಅನಿಸಿತೋ, ಎಚ್ಚರಿಕೆ ಕೊಟ್ಟು ಬಿಟ್ಟರು. ದಡ ಖಾಲಿ ಇದ್ದದ್ದು ಯಾಕೆ ಅಂತ ಕಾರಿನಲ್ಲಿ ಕೂತು ಉಪ್ಪಿಟ್ಟು ತಿನ್ನುವಾಗ ಹೊಳೆಯಿತು. ಆವತ್ತಿನಿಂದ ಮನೆ ಬಿಡುವ ಹಿಂದಿನ ರಾತ್ರಿ ಎರಡೂ ರಾಜ್ಯದ ಇಲಾಖೆಯ ಪುಟ ನೋಡದೆ ಹೊರಡುವುದಿಲ್ಲ.

ಬಿಸಿಲಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. 2015ರಲ್ಲಿ 5 ಲಕ್ಷದಷ್ಟು ಸಾಕ್‌ಐ ನದಿಗೆ ಬಂದವು. ಆ ವರ್ಷ ಹಿಮ ಕಡಿಮೆ, ಜೂನ್‌ನಲ್ಲೇ ನೀರು ಕಾಯಿತು. ಸಾಲ್ಮನ್‌ಗೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟ. ನಮಗೆ ಅದು ಸ್ವೆಟರ್ ಹಾಕುವ ಚಳಿ, ಅದಕ್ಕೆ ಜ್ವರ. ಅರ್ಧದಷ್ಟು, ಅಂದರೆ 2.5 ಲಕ್ಷ ಮೀನು ದಾರಿಯಲ್ಲೇ ಸತ್ತವು. ಅಂಥ ಬಿಸಿಯಲ್ಲಿ ಸ್ಟೀಲ್‌ಹೆಡ್ ತಣ್ಣನೆ ನೀರಿನ ಉಪನದಿ ಬಾಯಿಗಳಲ್ಲಿ ಗುಂಪಾಗಿ ನಿಲ್ಲುತ್ತವೆ. ಈಗಲ್ ಕ್ರೀಕ್, ಹರ್ಮನ್ ಕ್ರೀಕ್, ಡಿಶೂಟ್ಸ್ ಬಾಯಿ. ಹಿಡಿಯುವವನಿಗೆ ಅದಕ್ಕಿಂತ ಸುಲಭದ ಜಾಗ ಇಲ್ಲ. ಅದಕ್ಕೇ ಒರೆಗಾನ್ ಅಲ್ಲೆಲ್ಲ ಬಿಸಿಲುಗಾಲದಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸಿದೆ. ನೆರಳಿಗೆ ಅಂತ ಮರದಡಿ ನಿಂತವರ ಮೇಲೆ ಕಲ್ಲು ಹೊಡೆಯಬಾರದು, ಅಷ್ಟೇ ಅದರ ಅರ್ಥ.

ಮಕ್ಕಳಿಗೆ ಗಾಳ ಹಿಡಿಸಬೇಕು, ನಿಯಮದ ತಲೆನೋವು ಬೇಡ ಅನ್ನುವವರಿಗೆ ಒಂದು ದಾರಿ ಇದೆ. ನಾರ್ದರ್ನ್ ಪೈಕ್‌ಮಿನ್ನೋ ಅಂತ ಮೀನು, ಸಾಲ್ಮನ್ ಮರಿ ತಿನ್ನುತ್ತದೆ. ಅದನ್ನು ಹಿಡಿದು ಕೊಟ್ಟರೆ ನಿಮಗೇ ದುಡ್ಡು ಕೊಡುತ್ತಾರೆ. 9 ಇಂಚು ಅಥವಾ ಅದಕ್ಕಿಂತ ಉದ್ದ ಇರಬೇಕು, ಅದೇ ದಿನ ಮೀನು ಹಿಡಿಯುವ ಮುಂಚೆ ಹೆಸರು ನೋಂದಾಯಿಸಬೇಕು. ಒಂದು ಸೀಸನ್‌ನಲ್ಲಿ 1 ಲಕ್ಷ ಡಾಲರ್ ದಾಟಿ ದುಡಿದವರೂ ಇದ್ದಾರೆ. ಯಾರೂ ಕೆಲಸ ಬಿಡಬೇಡಿ. ನನಗೆ ಇಲ್ಲಿತನಕ ಸಿಕ್ಕಿದ್ದು ಮೂರು ಮೀನು.

ಕೊನೆಗೆ ಮೊನ್ನೆ ಒಬ್ಬರು ಫೋನ್ ಮಾಡಿ ಕೇಳಿದ ಪ್ರಶ್ನೆ. ಫಿನ್ ಇರುವ ಮೀನೆಲ್ಲ ನಿಜವಾಗಿ ಕಾಡುಮೀನೇನಾ ಅಂತ. ಅಲ್ಲ. ಕಾಡುಮೀನಿನ ಸಂಖ್ಯೆ ಹೆಚ್ಚಿಸಲಿ ಅಂತ ಬುಡಕಟ್ಟಿನವರು ಮತ್ತು ಇಲಾಖೆಯವರು ಕೆಲವು ಹ್ಯಾಚರಿ ಮರಿಗಳನ್ನು ಫಿನ್ ಕತ್ತರಿಸದೆಯೇ ಬಿಡುತ್ತಾರೆ. ದಡದಲ್ಲಿ ನಿಂತು ಅದನ್ನು ಪತ್ತೆ ಮಾಡುವುದು ನಮ್ಮ ಕೆಲಸವಲ್ಲ. ಫಿನ್ ಇದೆಯಾ, ಬಿಡಿ.

ಸೆಪ್ಟೆಂಬರ್ ಎರಡನೇ ವಾರ ಬಾನವಿಲ್‌ಗೆ ಮತ್ತೊಮ್ಮೆ ಹೋಗಿ. ಶರತ್ಕಾಲದ ಚಿನೂಕ್ ಆಗ ತುದಿಗೇರಿರುತ್ತದೆ. ಬ್ರ್ಯಾಡ್‌ಫರ್ಡ್ ದ್ವೀಪದ ಕಡೆ ಕೆಳಗಿಳಿದರೆ ಕಿಟಕಿ, ಟಿಕೆಟ್ ಇಲ್ಲ. ಮಕ್ಕಳಿಗೆ ಒಂದು ಆಟ ಹೇಳಿಕೊಡಿ. ಮೀನು ಗಾಜಿನ ಮುಂದೆ ಒಂದು ಕ್ಷಣ ನಿಲ್ಲುತ್ತದೆ, ಹರಿವಿಗೆ ಎದುರಾಗಿ ಬಾಲ ಬಡಿಯುತ್ತಾ. ಅಷ್ಟರೊಳಗೆ ಬಾಲದ ಮುಂದಿನ ಆ ಚಿಕ್ಕ ತುಂಡು ಇದೆಯೋ ಇಲ್ಲವೋ ಹೇಳಬೇಕು. ನನ್ನ ಮಗಳು ಹತ್ತಕ್ಕೆ ಒಂಬತ್ತು ಸರಿ ಹೇಳುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ಏಳು.